ರೆಡಿಂಗ್‌ನಲ್ಲಿ 1900ರ ಕಾಲದ ಸಾಲುಮನೆ: ಕೇಳುತ್ತಿರುವ ಬೆಲೆ ಬಾಳುತ್ತಾ?

ಸಾಲುಮನೆ_ಹುಡುಕಾಟ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್‌ನ ಆಕ್ಸ್‌ಫರ್ಡ್ ರೋಡಿಗೆ ಸೇರುವ ಬೀದಿಯೊಂದರಲ್ಲಿ ಟೆರೇಸ್ ಮನೆ ನೋಡಿದ್ದೇವೆ. ಊರಿನವರಿಗೆ ಹೇಳಿದರೆ ತಾರಸಿ ಮನೆಯಾ ಅಂತಾರೆ. ಅದಲ್ಲ, ಎರಡೂ ಪಕ್ಕ ಗೋಡೆ ಹಂಚಿಕೊಂಡ ಸಾಲಿನ ನಡುವಿನ ಮನೆ.

ಸುಮಾರು 1900ರ ಕಟ್ಟಡ, ಫ್ರೀಹೋಲ್ಡ್ (ಜಾಗವೂ ಸೇರಿ ಸ್ವಂತ). ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದೇ ಹಾಲ್ ಮಾಡಿದ್ದಾರೆ. ಹಿಂದೆ ಅಡುಗೆಮನೆ ಆಮೇಲೆ ಸೇರಿಸಿದ್ದು. ಮೇಲೆ ಎರಡು ಬೆಡ್‌ರೂಮು, ಅದರ ಮೇಲೆ ‘ಲಾಫ್ಟ್ ರೂಮ್’. ಕೇಳುತ್ತಿರುವುದು 3,60,000 ಪೌಂಡ್. ಏಜೆಂಟರ ಪಟ್ಟಿಯಲ್ಲಿ 82 ಚದರ ಮೀಟರ್ ಅಂತಿದೆ, ಇಪಿಸಿಯಲ್ಲಿ (ಮನೆಯ ಇಂಧನ ದಕ್ಷತೆಯ ಪ್ರಮಾಣಪತ್ರ) 74. ಇಪಿಸಿ ದರ್ಜೆ ಡಿ, 58 ಅಂಕ.

ಬೆಲೆ ಸರಿಯಾ, ಚಳಿಗಾಲದಲ್ಲಿ ಗ್ಯಾಸ್ ಬಿಲ್ ಎಷ್ಟು ತಿನ್ನುತ್ತೆ, ಸುತ್ತಮುತ್ತ ಏನೇನು ನೋಡಬೇಕು, ತಿಳಿದವರು ಹೇಳಿ. ಮೈಸೂರಿನಲ್ಲಿ ಅಪ್ಪನ ಮನೆ ಇದೆ, ಅದರಿಂದ ಇಲ್ಲಿನ ತೆರಿಗೆಗೆ ಏನಾದರೂ ತೊಂದರೆಯಾ?

ಅಳತೆಪಟ್ಟಿ

ಮೊದಲು ಆ ಎಂಟು ಚದರ ಮೀಟರ್ ವಿಷಯ. 3,60,000ವನ್ನು 82ರಿಂದ ಭಾಗಿಸಿದರೆ ಚದರ ಮೀಟರಿಗೆ 4,390 ಪೌಂಡ್. 74ರಿಂದ ಭಾಗಿಸಿದರೆ 4,865. ಅಂದರೆ ಅಟ್ಟವನ್ನು ಕೋಣೆ ಅಂತ ಲೆಕ್ಕಕ್ಕೆ ಸೇರಿಸಿ, ಮನೆ ಸೋವಿ ಅನ್ನಿಸುವ ಹಾಗೆ ಮಾಡಿದ್ದಾರೆ. ‘ಮೂರನೇ ಬೆಡ್‌ರೂಮ್’ ಅನ್ನದೆ ‘ಲಾಫ್ಟ್ ರೂಮ್’ ಅಂತ ಬರೆದಿದ್ದಾರೆ ನೋಡಿ, ಬಿಲ್ಡಿಂಗ್ ರೆಗ್ಯುಲೇಶನ್ ಪ್ರಕಾರ ಒಪ್ಪಿಗೆ ಸಿಕ್ಕಿಲ್ಲದಾಗ ಬಳಸುವ ಮಾತು ಅದು. ಒಪ್ಪಿಗೆ ಇಲ್ಲದಿದ್ದರೆ ಅದು ಸಾಮಾನು ಇಡುವ ಅಟ್ಟ, ಅಷ್ಟೇ.

ಹೋಲಿಕೆಗೆ ಪೋರ್ಟಲ್‌ನಲ್ಲಿ ಕಾಣುವ ಕೇಳಿಕೆ ಬೆಲೆ ಬೇಡ. ಲ್ಯಾಂಡ್ ರಿಜಿಸ್ಟ್ರಿಯ ‘ಪ್ರೈಸ್ ಪೇಯ್ಡ್’ (ನಿಜಕ್ಕೂ ಕೊಟ್ಟ ಬೆಲೆ) ದತ್ತಾಂಶ 1995ರಿಂದ ಪುಕ್ಕಟೆ ಸಿಗುತ್ತದೆ. ಅದೇ ಬೀದಿ ಮತ್ತು ಆಚೀಚೆಯ ಎರಡು ಬೀದಿಗಳಲ್ಲಿ ಕಳೆದ ಎರಡು ವರ್ಷದಲ್ಲಿ ಮಾರಾಟವಾದ ಸಾಲುಮನೆಗಳನ್ನು ಹೆಕ್ಕಿ. ಅದೇ ವಿಳಾಸವನ್ನು ಇಪಿಸಿ ನೋಂದಣಿಯಲ್ಲಿ ಹಾಕಿದರೆ ವಿಸ್ತೀರ್ಣ ಸಿಗುತ್ತದೆ. ಎರಡನ್ನೂ ಜೋಡಿಸಿ ಚದರ ಮೀಟರ್ ದರ ತೆಗೆಯಿರಿ. ಹಳೆಯ ಮಾರಾಟವಾದರೆ ಬೆಲೆಸೂಚ್ಯಂಕದಲ್ಲಿ ರೆಡಿಂಗ್‌ನ ‘ಟೆರೇಸ್ಡ್’ ಸಾಲನ್ನೇ ಹಿಡಿದು ಇವತ್ತಿನ ಮಟ್ಟಕ್ಕೆ ತನ್ನಿ, ಇಡೀ ದೇಶದ ಸರಾಸರಿ ಇಲ್ಲಿ ಕೆಲಸಕ್ಕೆ ಬಾರದು.

ಆ ದತ್ತಾಂಶದಲ್ಲಿ ‘ಬಿ’ ವರ್ಗ ಅಂತ ಗುರುತಾದ ಮಾರಾಟಗಳನ್ನು ಬಿಟ್ಟುಬಿಡಿ. ಬ್ಯಾಂಕು ಜಪ್ತಿ ಮಾಡಿ ಮಾರಿದ್ದು, ಕಂಪನಿಗೆ ಹೋದದ್ದು ಅದರಲ್ಲಿ ಬರುತ್ತವೆ. ಸಾಲಿನ ಕೊನೆಯ ಮನೆಗೂ ನಡುವಿನ ಮನೆಗೂ ದರ ಬೇರೆ. ಐದಾರು ಸರಿಯಾದ ಹೋಲಿಕೆ ಸಿಕ್ಕರೆ ಸಾಕು, ಮೂವತ್ತು ಬೇಕಿಲ್ಲ.

ತೆರಿಗೆ_ತಕರಾರು

ಮೈಸೂರಿನ ಮನೆ ವಿಚಾರವನ್ನು ಕೊನೆಗೆ ಸುಮ್ಮನೆ ಸೇರಿಸಿದ್ದೀರಿ ಮೇಡಂ, ಆದರೆ ಇಡೀ ಎಳೆಯಲ್ಲಿ ಅತಿ ದುಬಾರಿ ಪ್ರಶ್ನೆ ಅದೇ. 2025ರ ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿ ಇರುವ ಸ್ಟ್ಯಾಂಪ್ ಡ್ಯೂಟಿ ದರದಲ್ಲಿ 3,60,000ಕ್ಕೆ ಲೆಕ್ಕ ಹೀಗೆ:

ಮೊದಲ ಸಲ ಕೊಳ್ಳುವವರಾದರೆ 3,00,000ದವರೆಗೆ ಸೊನ್ನೆ, ಉಳಿದ 60,000ಕ್ಕೆ ಶೇ. 5. ಒಟ್ಟು 3,000 ಪೌಂಡ್.
ಹಿಂದೆ ಮನೆ ಇದ್ದು ಈಗ ಇಲ್ಲದವರಾದರೆ 1,25,000ದವರೆಗೆ ಸೊನ್ನೆ, 2,50,000ದವರೆಗೆ ಶೇ. 2, ಅದರ ಮೇಲೆ ಶೇ. 5. ಒಟ್ಟು 8,000.
ಇನ್ನೊಂದು ಮನೆ ಇಟ್ಟುಕೊಂಡೇ ಕೊಳ್ಳುವವರಾದರೆ ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ. 5. ಒಟ್ಟು 26,000.

‘ಇನ್ನೊಂದು ಮನೆ’ ಅಂದರೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಲೆಕ್ಕವೇ. ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಮುಟ್ಟಿದರೆ ಹೆಚ್ಚುವರಿ ಶೇ. 5 ಬೀಳುತ್ತದೆ. ಅರ್ಧ ಅಥವಾ ಅದಕ್ಕಿಂತ ಕಡಿಮೆ ಪಾಲು ಉತ್ತರಾಧಿಕಾರದಿಂದ ಬಂದು ಮೂರು ವರ್ಷ ಆಗಿಲ್ಲದಿದ್ದರೆ ಅದಕ್ಕೆ ವಿನಾಯಿತಿ ಇದೆ. ಆದರೆ ಮೊದಲ ಸಲದವರ ರಿಯಾಯಿತಿಗೆ ಆ ವಿನಾಯಿತಿ ಇಲ್ಲ, ಉತ್ತರಾಧಿಕಾರದಿಂದ ಬಂದದ್ದೂ ‘ಮನೆ ಇತ್ತು’ ಎಂದೇ ಲೆಕ್ಕ. ಗಂಡ ಹೆಂಡತಿ ಒಟ್ಟಿಗೆ ಇದ್ದರೆ, ಪತ್ರದಲ್ಲಿ ಒಬ್ಬರ ಹೆಸರೇ ಇದ್ದರೂ ಹೆಚ್ಚುವರಿ ತೆರಿಗೆಗೆ ಇಬ್ಬರ ಆಸ್ತಿಯನ್ನೂ ನೋಡುತ್ತಾರೆ.

ಅಪ್ಪನ ಮನೆ ಅವರ ಸ್ವಯಾರ್ಜಿತವಾಗಿ ಅವರ ಹೆಸರಿನಲ್ಲೇ ಇದ್ದರೆ ಅವರು ಇರುವವರೆಗೆ ನಿಮಗೆ ಚಿಂತೆ ಇಲ್ಲ. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು. ವಿಭಾಗ ಆಗಿಲ್ಲ ಅಂದಮಾತ್ರಕ್ಕೆ ಪಾಲು ಇಲ್ಲ ಎಂದಾಗದು, ಹಾಗಿದ್ದರೆ ಎರಡೂ ಕಡೆಯ ಕಾನೂನು ಗೊತ್ತಿರುವ ಸಾಲಿಸಿಟರ್ ಬೇಕು. ಇನ್ನು, ಕೊಳ್ಳುವ ಮುಂಚಿನ 12 ತಿಂಗಳಲ್ಲಿ 183 ದಿನ ಈ ದೇಶದಲ್ಲಿ ಇರದಿದ್ದರೆ ಮತ್ತೆ ಶೇ. 2 ಸೇರುತ್ತದೆ. ಊರಿಗೆ ಉದ್ದ ರಜೆ ಹೋಗಿಬಂದವರು ದಿನ ಎಣಿಸಿ.

ಸಾಲುಮನೆ_ಹುಡುಕಾಟ

ಧನ್ಯವಾದ ಸರ್, ಎದೆ ಧಸಕ್ ಅಂತು. ಮನೆ ಅಪ್ಪನ ಸ್ವಯಾರ್ಜಿತವೇ. ಆದರೆ ನನ್ನ ಹೆಸರಿನಲ್ಲಿ ಮೈಸೂರಿನಲ್ಲೇ ಒಂದು 30x40 ಸೈಟು ಇದೆ. ಖಾಲಿ.

ತೆರಿಗೆ_ತಕರಾರು

ಖಾಲಿ ಸೈಟು ವಾಸದ ಮನೆಯಲ್ಲ, ಈ ಎರಡು ಲೆಕ್ಕಕ್ಕೂ ಬರುವುದಿಲ್ಲ. ಪಾಯ ಹಾಕಿ ಗೋಡೆ ಎಬ್ಬಿಸಿದ್ದರೆ ಕಥೆ ಬೇರೆ. ಆದರೂ ಸಾಲಿಸಿಟರ್‌ಗೆ ಬರವಣಿಗೆಯಲ್ಲಿ ತಿಳಿಸಿಬಿಡಿ.

ಕಾವಿನ_ಲೆಕ್ಕ

ಇಪಿಸಿಯ 58 ಅಂಕವನ್ನು ಹಾಗೇ ನಂಬಬೇಡಿ, ಹಾಗಂತ ಎಸೆಯಲೂ ಬೇಡಿ. ಡಿ ದರ್ಜೆ 55ರಿಂದ 68, ಸಿ ಶುರುವಾಗುವುದು 69ಕ್ಕೆ. ಪ್ರಮಾಣಪತ್ರದ ಆಯಸ್ಸು ಹತ್ತು ವರ್ಷ, ಹಾಗಾಗಿ ಮೊದಲು ತಾರೀಕು ನೋಡಿ. 2025ರ ಜೂನ್ ಮಧ್ಯದಿಂದ ಲೆಕ್ಕದ ವಿಧಾನವೇ ಬದಲಾಗಿದೆ, ಈಗ ಒಂದೊಂದು ಕಿಟಕಿಯನ್ನೂ ಅಳೆಯಬೇಕು. ಹಾಗಾಗಿ ಹಳೆಯ 58ಕ್ಕೂ ಪಕ್ಕದ ಮನೆಯ ಹೊಸ 62ಕ್ಕೂ ತಾಳೆ ಹಾಕಿದರೆ ಅರ್ಥವಿಲ್ಲ.

ಪ್ರಮಾಣಪತ್ರದಲ್ಲಿ ಯಾವ ಸಾಲಿನ ಮುಂದೆ ‘ಅಸ್ಯೂಮ್ಡ್’ ಅಂತ ಇದೆಯೋ ಅದು ಊಹೆ. ಬಂದವರು ಗೋಡೆ ಕೊರೆದು ನೋಡಿಲ್ಲ, ಕಟ್ಟಿದ ಕಾಲ ನೋಡಿ ತುಂಬಿದ್ದಾರೆ. ಗೋಡೆ ಯಾವುದೆಂದು ನೀವೇ ಹೇಳಬಹುದು. ಇಟ್ಟಿಗೆಯ ಒಂದೇ ವರಸೆಯಲ್ಲಿ ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ ಅಂತ ಕಂಡರೆ ಅದು ಒಂಬತ್ತು ಇಂಚಿನ ಗಟ್ಟಿ ಗೋಡೆ. ಗಿಡ್ಡವಾಗಿ ಕಾಣುವುದು ಅಡ್ಡಕ್ಕೆ ಇಟ್ಟ ಇಟ್ಟಿಗೆಯ ತಲೆ. ಬರೀ ಉದ್ದದವೇ ಇದ್ದರೆ ನಡುವೆ ಟೊಳ್ಳು ಇರುವ ಜೋಡಿ ಗೋಡೆ. ರೆಡಿಂಗ್‌ನಲ್ಲಿ ಕೆಂಪು ಉದ್ದ, ಬೂದುಬಣ್ಣದ ತಲೆ ಸೇರಿಸಿ ಚಿತ್ತಾರ ಮಾಡಿರುವ ಮುಂಗೋಡೆಗಳು ಇವೆಯಲ್ಲ, ಅವು ಹೆಚ್ಚಾಗಿ ಗಟ್ಟಿ ಗೋಡೆಯೇ.

ಈಗ ಲೆಕ್ಕ. 4.2 ಮೀಟರ್ ಅಗಲದ ನಡುವಿನ ಮನೆ ಅಂದುಕೊಳ್ಳಿ. ಎರಡು ಮಹಡಿ ಸೇರಿ ಎತ್ತರ 5.4 ಮೀಟರ್. ಮುಂದೆ ಹಿಂದೆ ಸೇರಿ 45 ಚದರ ಮೀಟರ್, ಕಿಟಕಿ ಬಾಗಿಲು ಕಳೆದರೆ 35ರ ಆಸುಪಾಸು. ಗಟ್ಟಿ ಇಟ್ಟಿಗೆ ಗೋಡೆಯ ಯು-ವ್ಯಾಲ್ಯೂ (ಒಂದು ಚದರ ಮೀಟರಿನಿಂದ ಡಿಗ್ರಿಗೆ ಎಷ್ಟು ವ್ಯಾಟ್ ಸೋರುತ್ತದೆ ಅನ್ನುವ ಅಳತೆ) 1.7 ಹಿಡಿದರೆ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 60 ವ್ಯಾಟ್ ಸೋರುತ್ತದೆ. ಹೊರಗೆ ಸೊನ್ನೆ, ಒಳಗೆ 20 ಇದ್ದರೆ 1.2 ಕಿಲೋವ್ಯಾಟ್. ಇದೇ ಮನೆ ಸಾಲಿನ ಕೊನೆಯಲ್ಲಿದ್ದರೆ 8 ಮೀಟರ್ ಆಳದ ಪಕ್ಕದ ಗೋಡೆಯೂ ಗಾಳಿಗೆ ಒಡ್ಡಿಕೊಂಡು ಇನ್ನೂ 43 ಚದರ ಮೀಟರ್ ಸೇರುತ್ತದೆ, ಸೋರಿಕೆ ಎರಡು ಪಟ್ಟಿಗಿಂತ ಹೆಚ್ಚು. ಪಕ್ಕದವರು ಮನೆ ಬೆಚ್ಚಗಿಟ್ಟುಕೊಂಡರೆ ನಡುವಿನ ಮನೆಗೆ ಅದೇ ಕಂಬಳಿ.

ಅಟ್ಟದ ತಳ ಸುಮಾರು 34 ಚದರ ಮೀಟರ್. ಬರಿದಾಗಿದ್ದರೆ ಡಿಗ್ರಿಗೆ 78 ವ್ಯಾಟ್, 100 ಮಿಲಿಮೀಟರ್ ಉಣ್ಣೆ (ಶಾಖ ತಡೆಯುವ ಹಾಸು) ಇದ್ದರೆ 14, ಈಗಿನ ಶಿಫಾರಸಿನಂತೆ 270 ಮಿಲಿಮೀಟರ್ ಇದ್ದರೆ 5. ಮೊದಲ ನೂರು ಮಿಲಿಮೀಟರೇ ಮುಕ್ಕಾಲು ಪಾಲಿಗಿಂತ ಹೆಚ್ಚು ಕೆಲಸ ಮುಗಿಸುತ್ತದೆ. ನಿಮ್ಮ ಸಮಸ್ಯೆ ಏನೆಂದರೆ ಅಟ್ಟದಲ್ಲಿ ಕೋಣೆ ಮಾಡಲು ಉಣ್ಣೆ ಕಿತ್ತು ಹಲಗೆ ಹೊಡೆದಿರಬಹುದು. ಇಳಿಜಾರಿನ ಮಾಡಿಗೆ ಬರೀ ಪ್ಲಾಸ್ಟರ್‌ಬೋರ್ಡ್ ಇದ್ದರೆ ಆ ‘ಕೋಣೆ’ ಮನೆಗೆ ತೆರೆದ ಕಿಟಕಿ ಇದ್ದಂತೆ.

ಗೋಡೆಗೆ ಒಳಗಿನಿಂದ ಹೊದಿಕೆ ಹಾಕಿ ಯು-ವ್ಯಾಲ್ಯೂವನ್ನು 0.3ಕ್ಕೆ ಇಳಿಸಿದರೆ ವರ್ಷಕ್ಕೆ ಉಳಿಯುವ ಗ್ಯಾಸ್ ಸುಮಾರು 2,800 ಯೂನಿಟ್ (ಕಿಲೋವ್ಯಾಟ್-ಗಂಟೆ). ಯೂನಿಟ್‌ಗೆ 6 ಪೆನ್ಸ್ ಹಿಡಿದರೆ 170 ಪೌಂಡ್. ಅದಕ್ಕಾಗಿ ಸ್ಕರ್ಟಿಂಗ್, ರೇಡಿಯೇಟರ್, ಸ್ವಿಚ್‌ಗಳೆಲ್ಲ ಕೀಳಬೇಕು. ನಡುವಿನ ಸಾಲುಮನೆಗೆ ಇದು ಮೊದಲ ಕೆಲಸ ಖಂಡಿತ ಅಲ್ಲ. ಮೊದಲು ಅಟ್ಟ, ಆಮೇಲೆ ಸಂದಿಗಾಳಿ, ಬಳಸದ ಚಿಮಣಿಯ ಬಾಯಿ, ಮರದ ನೆಲದ ಬಿರುಕು. ಆಮೇಲೆ ಬಾಯ್ಲರ್: ಕಂಡೆನ್ಸಿಂಗ್ ಬಾಯ್ಲರ್ (ಹೊಗೆಯಲ್ಲಿನ ಆವಿಯ ಶಾಖವನ್ನೂ ಹಿಡಿಯುವಂಥದ್ದು) ಹೆಸರಿಗೆ ತಕ್ಕ ಕೆಲಸ ಮಾಡುವುದು ಮರಳಿ ಬರುವ ನೀರು 55 ಡಿಗ್ರಿಗಿಂತ ಕೆಳಗಿದ್ದಾಗ. ಬಹಳ ಮನೆಗಳಲ್ಲಿ 75–80ಕ್ಕೆ ಇಟ್ಟು ಮರೆತಿರುತ್ತಾರೆ. ಕಾಂಬಿ (ನಲ್ಲಿಗೂ ರೇಡಿಯೇಟರ್‌ಗೂ ಒಂದೇ ಬಾಯ್ಲರ್) ಆದರೆ ರೇಡಿಯೇಟರ್ ಕಡೆಯದನ್ನು 60ಕ್ಕೆ ಇಳಿಸಿ ನೋಡಬಹುದು, ಕಾಸು ಖರ್ಚಿಲ್ಲ.

ಮಾರುವವರಿಂದ 12 ತಿಂಗಳ ಬಳಕೆಯನ್ನು ಯೂನಿಟ್‌ನಲ್ಲಿ ಕೇಳಿ, ಪೌಂಡಿನಲ್ಲಿ ಬೇಡ. ಆಫ್‌ಜೆಮ್ (ಗ್ಯಾಸ್, ಕರೆಂಟಿನ ಸರ್ಕಾರಿ ನಿಯಂತ್ರಕ ಸಂಸ್ಥೆ) 2023ರಲ್ಲಿ ‘ಸಾಮಾನ್ಯ ಮನೆ’ಗೆ ವರ್ಷಕ್ಕೆ ಅಂತ ಹಿಡಿದದ್ದು ಗ್ಯಾಸ್ 11,500, ಕರೆಂಟು 2,700 ಯೂನಿಟ್. ನಿಮ್ಮ ಅಳತೆಯ ನಡುವಿನ ಮನೆ ಅದನ್ನು ಬಹಳ ಮೀರಿದ್ದರೆ ಎಲ್ಲೋ ತೂತಿದೆ. ತೀರಾ ಕಡಿಮೆ ಇದ್ದರೆ ಮನೆ ಒಳ್ಳೆಯದು ಅಂತಲ್ಲ, ಇದ್ದವರು ಒಬ್ಬರೇ ಇರಬಹುದು, ಚಳಿಯಲ್ಲೇ ಕಾಲ ಹಾಕಿರಬಹುದು.

ಮುರಕಲ್ಲು

ಒಳಗಿನಿಂದ ಹೊದಿಕೆ ಹಾಕುವ ಮಾತು ಬಂತಲ್ಲ, ಅಲ್ಲಿ ಒಂದು ಅಪಾಯ ಉಂಟು ಮಾರಾಯ್ರೆ. ಹೊದಿಕೆ ಹಾಕಿದ ಮೇಲೆ ಇಟ್ಟಿಗೆ ತಣ್ಣಗಾಗ್ತದೆ, ಮಳೆಯಲ್ಲಿ ಕುಡಿದ ನೀರು ಒಣಗುವುದಿಲ್ಲ. ಮಹಡಿಯ ಮರದ ತೊಲೆಗಳ ತುದಿ ಹುಗಿದಿರುವುದು ಅದೇ ಇಟ್ಟಿಗೆಯೊಳಗೆ. ಹತ್ತು ವರ್ಷ ಬಿಟ್ಟು ನೋಡಿದರೆ ತುದಿ ಪುಡಿಪುಡಿ. ಫಾಯಿಲ್ ಇರುವ ಫೋಮ್ ಬೋರ್ಡ್ ಬೇಡ. ಮರದ ನಾರಿನ ಬೋರ್ಡು, ಮೇಲೆ ಸುಣ್ಣದ ಗಾರೆ ಅಂದರೆ ತೇವ ಒಳಗೂ ಹೊರಗೂ ಓಡಾಡ್ತದೆ.

ಇಲ್ಲಿ ಮನೆ ತೋರಿಸುವಾಗ ಗೋಡೆ ಬುಡದ ಕಲೆ ಕಂಡ ಕೂಡಲೇ ‘ರೈಸಿಂಗ್ ಡ್ಯಾಂಪ್’ ಅಂತ ಹೇಳಿ ಗೋಡೆಗೆ ತೂತು ಕೊರೆದು ಔಷಧಿ ಹೊಡೆಯುವವರು ಇದ್ದಾರೆ. ಅದಕ್ಕೆ ಮೊದಲು ಹೊರಗೆ ಹೋಗಿ ನೋಡಿ. ಹೊರಗಿನ ನೆಲ ತೇವತಡೆ ಪದರಕ್ಕಿಂತ 150 ಮಿಲಿಮೀಟರ್ ಕೆಳಗಿರಬೇಕು. ನೂರು ವರ್ಷದಲ್ಲಿ ಕಾಂಕ್ರೀಟಿನ ಮೇಲೆ ಕಾಂಕ್ರೀಟು ಹಾಕಿ ಅದು ಮೇಲೆ ಬಂದಿರ್ತದೆ. ಗಟರ್ ಒಡೆದದ್ದು, ಮೋರಿ ಪೈಪು ಸೋರುವುದು, ಸುಣ್ಣದ ಸಂದಿಗೆ ಸಿಮೆಂಟು ತುಂಬಿದ್ದು, ನೂರಕ್ಕೆ ತೊಂಬತ್ತು ಕಾರಣ ಇವೇ ಅಂತ ನನ್ನ ಅಂದಾಜು. ತೇವ ಅಳೆಯುವ ಮುಳ್ಳಿನ ಮೀಟರ್ ಗೋಡೆಯ ಉಪ್ಪಿಗೂ ಕೂಗ್ತದೆ. ಅದು ಮರಕ್ಕೆ ಮಾಡಿದ ಸಾಧನ.

ಇನ್ನೊಂದು: ಕೆಳಗಿನದು ಮರದ ನೆಲವಾ? ಮುಂದೆ ಗೋಡೆ ಬುಡದಲ್ಲಿ ಜಾಲರಿ ಇಟ್ಟಿಗೆ ಕಾಣ್ತದಾ? ಗಾಳಿ ಮುಂದಿನಿಂದ ಹೊಕ್ಕು ನೆಲದಡಿ ಹಾದು ಹಿಂದೆ ಹೊರಡಬೇಕು. ಹಿಂದೆ ಕಾಂಕ್ರೀಟು ನೆಲದ ಅಡುಗೆಮನೆ ಕಟ್ಟುವಾಗ ಅಡಿಯಲ್ಲಿ ಪೈಪು ಬಿಡದಿದ್ದರೆ ಗಾಳಿಗೆ ಹೊರಡ್ಲಿಕ್ಕೆ ದಾರಿಯೇ ಇಲ್ಲ.

ಸಾಲುಮನೆ_ಹುಡುಕಾಟ

ಮುಂದೆ ಎರಡು ಜಾಲರಿ ಇವೆ, ಒಂದಕ್ಕೆ ಬಣ್ಣ ಬಳಿದು ಮುಚ್ಚಿಹೋಗಿದೆ. ಹಿಂದೆ ಒಂದೂ ಕಾಣಲಿಲ್ಲ. ಹಾಲ್‌ನಲ್ಲಿ ನಡೆದರೆ ನೆಲ ಸ್ವಲ್ಪ ಪುಟಿಯುತ್ತೆ. ಮುಂದಿನ ಕಿಟಕಿಯ ಮೇಲೆ ಓರೆಯಾಗಿ ಬಿರುಕು, ಮೇಲ್ತುದಿಯಲ್ಲಿ 3 ಮಿಲಿಮೀಟರ್ ಇರಬಹುದು. ಫುಟ್‌ಪಾತಿನಲ್ಲಿ ದೊಡ್ಡ ಮರ.

ಧಾರವಾಡ_ಮೇಸ್ತ್ರಿ

ಅಕ್ಕಾರ, ನೆಲ ಪುಟಿತದ ಅಂದ್ರ ತೊಲಿ ತುದಿ ನೋಡಾಕಬೇಕು. ಸರ್ವೇಯರ್‌ಗೆ (ಮನಿ ತಪಾಸಣೆ ಮಾಡಾವ್ರಿಗೆ) ಒಂದು ಹಲಗಿ ಎತ್ತಿ ನೋಡ್ರಿ ಅಂತ ಮೊದಲ ಹೇಳ್ರಿ, ಮಾರುವವರ ಒಪ್ಪಿಗಿನೂ ತೊಗೊಳ್ರಿ. ಇಲ್ಲಂದ್ರ ‘ಕಾರ್ಪೆಟ್ ಇತ್ತು, ನೋಡಾಕ ಆಗಲಿಲ್ಲ’ ಅಂತ ಬರದು ಕೈ ತೊಳ್ಕೋತಾರ.

ಬಿರುಕಿನ ಮಾತು. 5 ಮಿಲಿಮೀಟರ್ ಒಳಗಿಂದು ಸಾಮಾನ್ಯವಾಗಿ ತುಂಬಿ ಬಣ್ಣ ಹಚ್ಚು ಜಾತಿ. 5ರಿಂದ 15 ಅಂದ್ರ ಇಟ್ಟಿಗಿ ಬಿಚ್ಚಿ ಕಟ್ಟಬೇಕು. ಆದ್ರ ಅಗಲಕ್ಕಿಂತ ಅದು ಇನ್ನೂ ಬೆಳ್ಯಾಕತ್ತೈತೋ ಇಲ್ಲೋ ಅನ್ನೂದು ಮುಖ್ಯ. ಬಿರುಕಿನ ಅಂಚು ಹಳೇದಾಗಿ ಹೊಲಸು ತುಂಬಿದ್ರ ಹಳೇ ಗಾಯ, ಅಂಚು ಹೊಸದಾಗಿ ಚೂಪ ಇದ್ರ ಈಗಿಂದು. ಕಿಟಕಿ ಮ್ಯಾಲಿನ ಓರಿ ಬಿರುಕಿಗೆ ಭಾಳ ಸಲ ಕಾರಣ ಒಳಗಿನ ಮರದ ಲಿಂಟಲ್ ಕೊಳತದ್ದು, ಇಲ್ಲಾ ಹಳೇ ಮರದ ಕಿಟಕಿ ತಗದು ಪ್ಲಾಸ್ಟಿಕ್ ಕೂಡಿಸುವಾಗ ಮ್ಯಾಲೆ ಆಧಾರ ಕೊಡದ್ದು. 2002ರ ಏಪ್ರಿಲ್ ಮ್ಯಾಲೆ ಬದಲಿಸಿದ ಕಿಟಕಿಗೆ ಫೆನ್ಸಾ (ಕಿಟಕಿ ಕೂಡಿಸುವವರ ನೋಂದಣಿ ಸಂಸ್ಥೆ) ಸರ್ಟಿಫಿಕೇಟ್ ಅಥವಾ ಕೌನ್ಸಿಲ್ ಒಪ್ಪಿಗಿ ಇರಬೇಕು, ಕೇಳ್ರಿ. ಫುಟ್‌ಪಾತಿನ ಮರದ ದೋಷ ಹೌದೋ ಅಲ್ಲೋ ಅನ್ನಾಕ ಮಣ್ಣು ಗೊತ್ತಿರಬೇಕು. ಜೇಡಿಮಣ್ಣಾದ್ರ ಬ್ಯಾಸಿಗ್ಯಾಗ ಬೇರು ನೀರು ಹೀರಿ ಮಣ್ಣು ಕುಗ್ಗತದ, ನದಿಯ ಗರಸಾದ್ರ ಅಷ್ಟು ಚಿಂತಿಲ್ಲ. ಬ್ರಿಟಿಷ್ ಜಿಯಲಾಜಿಕಲ್ ಸರ್ವೇ ನಕಾಶಿ ಪುಕ್ಕಟೆ ನೋಡಬಹುದು.

ಅಟ್ಟಕ್ಕ ಹೋಗ್ರಿ, ಟಾರ್ಚ್ ತೊಗೊಂಡು. ಐದು ನೋಡ್ರಿ:
ಪಕ್ಕದ ಮನಿ ನಡುವಿನ ಗೋಡೆ ಮಾಡಿನ ತನಕ ಐತೋ ಇಲ್ಲೋ. ಆ ಕಾಲದ ಎಷ್ಟೋ ಸಾಲಿನ್ಯಾಗ ಅಟ್ಟದಾಗ ಗೋಡಿನ ಇಲ್ಲ, ಒಂದು ಮನಿ ಬೆಂಕಿ ಸಾಲಿಗೆಲ್ಲಾ ಹಬ್ಬತದ.
ತೊಲಿ ಎಷ್ಟು ದಪ್ಪ. 4 ಇಂಚು x 2 ಇಂಚು ಅಂದ್ರ ಅದು ಛತ್ತು ಹೊರಾಕ ಮಾಡಿದ್ದು, ಮಂಚ ಹೊರಾಕ ಅಲ್ಲ.
ಸ್ಲೇಟ್ ತಗದು ಕಾಂಕ್ರೀಟ್ ಹೆಂಚು ಹಾಕ್ಯಾರೇನು. ಅದರ ಭಾರ ಸುಮಾರು ಒಂದೂವರಿ ಪಟ್ಟು. ಮಾಡು ಬಾಗಿ ಮುಂಗೋಡಿನ ಮ್ಯಾಲಿನ ಅಂಚು ಹೊರಗ ತಳ್ಳೈತೇನು ಅಂತ ಬೀದಿ ಆಚಿ ನಿಂತು ನೋಡ್ರಿ.
ಕೆಳಗ ಚಿಮಣಿ ಒಡದು ಮ್ಯಾಲಿಂದು ಹಂಗ ಬಿಟ್ಟಾರೇನು. ಬಿಟ್ಟಿದ್ರ ಒಂದು ಟನ್‌ಗಟ್ಟಲೆ ಇಟ್ಟಿಗಿ ಯಾವುದರ ಮ್ಯಾಲೆ ನಿಂತೈತಿ?
ಮಾಡಿನ ಒಳಗ ಹಳದಿ ಫೋಮ್ ಸಿಂಪಡಿಸ್ಯಾರೇನು. ಅದಿದ್ರ ಭಾಳ ಬ್ಯಾಂಕಿನವರು ಸಾಲ ಕೊಡಂಗಿಲ್ಲ, ಒಳಗಿನ ಮರ ಕೊಳತದ್ದು ಕಾಣಂಗಿಲ್ಲ ಅಂತ.

ಹಾಲ್‌ನ ನಡುಗೋಡಿ ಒಡದಾರ ಅಂದ್ರಲ್ಲ, ಅಲ್ಲಿ ಉಕ್ಕಿನ ತೊಲಿ ಹಾಕಿದ್ದಕ್ಕ ಕಂಪ್ಲೀಶನ್ ಸರ್ಟಿಫಿಕೇಟ್ (ಕೆಲಸ ಕಟ್ಟಡ ನಿಯಮದಂಗ ಮುಗದೈತಿ ಅನ್ನೂ ಪತ್ರ) ಬೇಕು. ಅಡಗಿಮನಿ ಕೆಳಗ ಸಾಲಿನವರ ಮೋರಿ ಹಾದಿದ್ರ ಅದು 2011ರ ಅಕ್ಟೋಬರ್‌ದಿಂದ ನೀರಿನ ಕಂಪನಿದು. ಅದರ ಮ್ಯಾಲೆ ಕಟ್ಟಾಕ ಅವರ ಒಪ್ಪಿಗಿ ಪತ್ರ ಐತೇನು ಕೇಳ್ರಿ.

ಪಶ್ಚಿಮ_ರೆಡಿಂಗ್

ಸುತ್ತಮುತ್ತಲಿನ ಬಗ್ಗೆ ಯಾರೂ ಬರೆದಿಲ್ಲ. ಆಕ್ಸ್‌ಫರ್ಡ್ ರೋಡಿನ ಉತ್ತರಕ್ಕೆ ರೈಲು ಹಳಿ, ಅದರಾಚೆ ಥೇಮ್ಸ್. ಎನ್ವಿರಾನ್‌ಮೆಂಟ್ ಏಜೆನ್ಸಿಯ ಪ್ರವಾಹ ತಾಣದಲ್ಲಿ ಪಿನ್‌ಕೋಡ್ ಹಾಕಿದಾಗ ನದಿ ಮತ್ತು ಮಳೆನೀರು ಎರಡನ್ನೂ ಬೇರೆಬೇರೆಯಾಗಿ ನೋಡಿ. ನದಿಯಿಂದ ದೂರ ಇರುವ ಮನೆಯೂ ಬೀದಿಯ ತಗ್ಗಿನಲ್ಲಿದ್ದರೆ ಮಳೆನೀರಿಗೆ ಸಿಗುತ್ತದೆ. ವಿಮಾ ಕಂಪನಿಯ ಕೊಟೇಶನ್ ಅನ್ನು ಈಗಲೇ ತೆಗೆಸಿ, ಕಾಂಟ್ರ್ಯಾಕ್ಟ್ ವಿನಿಮಯದ (ಹಿಂದೆಗೆಯಲಾಗದಂತೆ ಒಪ್ಪಂದ ಗಟ್ಟಿಯಾಗುವ) ದಿನ ಅಲ್ಲ.

ರೆಡಿಂಗ್‌ಗೇ ವಿಶೇಷವಾದ ಅಪಾಯ ಒಂದಿದೆ. ಇಲ್ಲಿ ಹಿಂದೆ ಇಟ್ಟಿಗೆ, ಸುಣ್ಣದ ಕೆಲಸಕ್ಕೆ ನೆಲದಡಿ ಸೀಮೆಸುಣ್ಣದ ಕಲ್ಲು ತೆಗೆದು ಸುರಂಗ ಹಾಗೇ ಬಿಟ್ಟಿದ್ದಾರೆ. 2000ದಲ್ಲಿ ಕೋಲಿ ಕಡೆಯ ಫೀಲ್ಡ್ ರೋಡಿನಲ್ಲಿ ನೆಲ ಕುಸಿದದ್ದು ಅದೇ ಕಾರಣಕ್ಕೆ. ಎಲ್ಲ ಬೀದಿಗೂ ಈ ಭಯ ಇಲ್ಲ, ಆದರೆ ಸಾಲಿಸಿಟರ್ ತರಿಸುವ ಪರಿಸರ ವರದಿಯಲ್ಲಿ ನೆಲದ ಸ್ಥಿರತೆಯ ಪುಟವನ್ನು ಓದದೆ ಬಿಡಬೇಡಿ.

ಚಿತ್ತಾರದ ಇಟ್ಟಿಗೆಯ ಕೆಲವು ಬೀದಿಗಳಲ್ಲಿ ‘ಆರ್ಟಿಕಲ್ 4’ ನಿರ್ಬಂಧ ಇದೆ, ಮುಂಗೋಡೆಗೆ ಬಣ್ಣ, ಗಾರೆ ಬಳಿಯಲು ಅನುಮತಿ ಬೇಕು. ಅಂದರೆ ಹೊರಗಿನ ಹೊದಿಕೆ ಅನ್ನುವ ದಾರಿ ಮುಚ್ಚಿದ ಹಾಗೆ. ಅಕ್ಕಪಕ್ಕ ಎಷ್ಟು ಮನೆ ಕೋಣೆಕೋಣೆಯಾಗಿ ಬಾಡಿಗೆಗೆ ಹೋಗಿದೆ ಅಂತ ಕೌನ್ಸಿಲ್‌ನ ಎಚ್‌ಎಂಒ ಪಟ್ಟಿಯಲ್ಲಿ ಸಿಗುತ್ತದೆ. ನಡುಗೋಡೆ ಒಂದೇ ಇಟ್ಟಿಗೆಯಷ್ಟು ದಪ್ಪ, ಅಲ್ಲಿ ಐದು ಟಿವಿ ಇದ್ದರೆ ನಿಮಗೂ ಐದು ಟಿವಿ.

ಮೂರು ಸಲ ಹೋಗಿ: ವಾರದ ದಿನ ಬೆಳಿಗ್ಗೆ ಏಳೂವರೆಗೆ, ಶುಕ್ರವಾರ ರಾತ್ರಿ ಹತ್ತಕ್ಕೆ, ಜೋರು ಮಳೆ ಬರುವಾಗ. ಮೊದಲನೆಯದು ಲಂಡನ್ ಕಡೆಯ ಎಲಿಜಬೆತ್ ಲೈನ್ ರೈಲು ಹಿಡಿಯಲು ಸ್ಟೇಷನ್‌ಗೆ ನಡೆಯುವ ನಿಜವಾದ ಸಮಯಕ್ಕೆ, ಎರಡನೆಯದು ಪಾರ್ಕಿಂಗ್‌ಗೆ, ಮೂರನೆಯದು ಗಟರ್‌ಗೆ. ಹಿಂದಿನ ಓಣಿ ಯಾರದು, ಪಕ್ಕದವರು ಕಸದ ಡಬ್ಬಿ ತಳ್ಳಿಕೊಂಡು ನಿಮ್ಮ ಹಿತ್ತಲಲ್ಲಿ ಹಾಯುವ ಹಕ್ಕು ಇದೆಯಾ ಅನ್ನುವುದು ಟೈಟಲ್ ರಿಜಿಸ್ಟರ್‌ನಲ್ಲಿ ಇರುತ್ತದೆ, ಪ್ರತಿಗೆ 7 ಪೌಂಡ್.

ಅಳತೆಪಟ್ಟಿ

ಬೆಲೆಗೆ ಮರಳಿ ಬಂದರೆ: ಅಟ್ಟವನ್ನು 74ರ ಲೆಕ್ಕದಲ್ಲೇ ಕಳೆದಿದ್ದೀರಿ, ಹಾಗಾಗಿ ಚೌಕಾಸಿಯಲ್ಲಿ ಅದನ್ನೇ ಮತ್ತೆ ಕಳೆಯಬೇಡಿ. ನೆಲದ ತೊಲೆ, ಕಿಟಕಿಯ ಲಿಂಟಲ್, ಅಟ್ಟದ ಗೋಡೆ ಇವುಗಳಿಗೆ ಬರವಣಿಗೆಯ ಕೊಟೇಶನ್ ಹಿಡಿದು ಮಾತಾಡಿ. ಇಪಿಸಿ ಡಿ ಅನ್ನುವುದಕ್ಕೆ ಯಾರೂ ಬೆಲೆ ಇಳಿಸುವುದಿಲ್ಲ, ಆ ಬೀದಿಯ ಹೆಚ್ಚಿನ ಮನೆಗಳದ್ದು ಅದೇ ಕಥೆ ಇರುತ್ತದೆ. ಬ್ಯಾಂಕು ಮಾಡಿಸುವ ವ್ಯಾಲ್ಯುಯೇಶನ್ ಬ್ಯಾಂಕಿಗೆ, ನಿಮಗಲ್ಲ. ಈ ವಯಸ್ಸಿನ, ಒಡೆದು ಕಟ್ಟಿದ ಮನೆಗೆ ಲೆವೆಲ್ 3 ಸರ್ವೇಯೇ (ಅತಿ ವಿವರವಾದ ಮನೆ ತಪಾಸಣೆ) ಬೇಕು.

ಸಾಲುಮನೆ_ಹುಡುಕಾಟ

ಎಲ್ಲರಿಗೂ ತುಂಬಾ ಧನ್ಯವಾದ. ನಾಳೆಯೇ ಕೌನ್ಸಿಲ್‌ಗೆ ಫೋನ್ ಮಾಡಿ ಆ ಅಟ್ಟಕ್ಕೂ ಹಾಲ್‌ನ ತೊಲೆಗೂ ಸರ್ಟಿಫಿಕೇಟ್ ಇದೆಯಾ ಕೇಳಿಬಿಡ್ತೀನಿ.

ತೆರಿಗೆ_ತಕರಾರು

ಫೋನ್ ಮಾಡಬೇಡಿ! ಸರ್ಟಿಫಿಕೇಟ್ ಇಲ್ಲದಿದ್ದರೆ ಮಾರುವವರ ಕಡೆಯವರು ಇಂಡೆಮ್ನಿಟಿ ಪಾಲಿಸಿ (ಒಪ್ಪಿಗೆ ಇಲ್ಲದ್ದರಿಂದ ಮುಂದೆ ನಷ್ಟವಾದರೆ ತುಂಬಿಕೊಡುವ ವಿಮೆ) ಕೊಡಲು ಬರುತ್ತಾರೆ. ಯಾರಾದರೂ ಈ ಮನೆಯ ಬಗ್ಗೆ ಕೌನ್ಸಿಲ್ ಜೊತೆ ಮಾತಾಡಿದ್ದು ತಿಳಿದರೆ ವಿಮೆಯವರು ಆ ಪಾಲಿಸಿಯನ್ನೇ ಕೊಡುವುದಿಲ್ಲ. ಆನ್‌ಲೈನ್‌ನಲ್ಲಿ ಸಾರ್ವಜನಿಕ ನೋಂದಣಿ ನೋಡುವುದು ಬೇರೆ, ಹೆಸರು ವಿಳಾಸ ಹೇಳಿ ವಿಚಾರಿಸುವುದು ಬೇರೆ. ಸಾಲಿಸಿಟರ್ ಮೂಲಕ ಮಾರುವವರನ್ನೇ ಕೇಳಿಸಿ.

ಧಾರವಾಡ_ಮೇಸ್ತ್ರಿ

ಪಾಲಿಸಿ ರೊಕ್ಕ ಕೊಡತದ ಅಕ್ಕಾರ, ತೊಲಿ ಎತ್ತಿ ಹಿಡಿಯಂಗಿಲ್ಲ. ಸರ್ಟಿಫಿಕೇಟ್ ಇಲ್ಲಂದ್ರ ಸ್ಟ್ರಕ್ಚರಲ್ ಎಂಜಿನಿಯರ್‌ನ ಕರ್ಕೊಂಡು ಹೋಗಿ ಛತ್ತಿನ ಒಂದು ಮೂಲಿ ಬಿಚ್ಚಿಸಿ ಆ ಉಕ್ಕು ಎರಡೂ ಕಡೆ ಏನರ ಮ್ಯಾಲೆ ಕುಂತೈತಿ ನೋಡ್ಸ್ರಿ.

ಸಾಲುಮನೆ_ಹುಡುಕಾಟ

ಸರಿ, ಫೋನ್ ಇಲ್ಲ. ಶುಕ್ರವಾರ ರಾತ್ರಿ ಬೀದಿ ನೋಡ್ತೀವಿ. ಸರ್ವೇಯರ್‌ಗೆ ಹಲಗೆ ಎತ್ತುವ ವಿಷಯ ಬರೆದಿದ್ದೇನೆ, ಏಜೆಂಟರ ಉತ್ತರ ಬಂದ ಮೇಲೆ ಇಲ್ಲೇ ಹಾಕ್ತೀನಿ.